ಸುಳ್ಳಿಗೆ ಸಿಗುವ ಕಾಲಾವಕಾಶ

ಉತ್ತರ ಪ್ರದೇಶದ ಬಿಸೌಲಿ ಕ್ಷೇತ್ರದಿಂದ 2007ರಲ್ಲಿ ಗೆದ್ದ ಶಾಸಕಿಯೊಬ್ಬರು ಚುನಾವಣಾ ವೆಚ್ಚದ ಲೆಕ್ಕದಲ್ಲಿ ₹21,250 ತೋರಿಸಿರಲಿಲ್ಲ. ಸುದ್ದಿಯ ವೇಷದಲ್ಲಿ ಪತ್ರಿಕೆಗಳಲ್ಲಿ ಅಚ್ಚಾದ ಪ್ರಚಾರದ ಬಾಬ್ತು ಅದು. ಸೋತ ಎದುರಾಳಿ ದೂರು ಕೊಟ್ಟರು. ಚುನಾವಣಾ ಆಯೋಗ ಆ ಶಾಸಕಿಯನ್ನು ಮೂರು ವರ್ಷ ಅನರ್ಹಗೊಳಿಸಿದ್ದು 2011ರ ಅಕ್ಟೋಬರ್‌ನಲ್ಲಿ. ಅಷ್ಟರಲ್ಲಿ ಆ ವಿಧಾನಸಭೆಯ ಅವಧಿಯೇ ಮುಗಿಯುತ್ತ ಬಂದಿತ್ತು.

ರಾಜಕೀಯದಲ್ಲಿ ಅಪ್ರಾಮಾಣಿಕತೆಯಿಂದ ಲಾಭವಿದೆಯೇ? ಇದೆ. ತನಿಖೆ ತಡವಾದಷ್ಟೂ ಕಾಲ ಇರುತ್ತದೆ.

ಉದ್ಯಮದ ಕಥೆಯೂ ಇದೇ. ಹೈದರಾಬಾದಿನ ಸತ್ಯಂ ಕಂಪ್ಯೂಟರ್ಸ್‌ನ ಅಧ್ಯಕ್ಷ ರಾಮಲಿಂಗ ರಾಜು 2009ರ ಜನವರಿ 7ರಂದು ಬರೆದ ಪತ್ರದಲ್ಲಿ, ನಗದು ಮತ್ತು ಬ್ಯಾಂಕ್ ಶಿಲ್ಕಿನಲ್ಲಿ ₹5,040 ಕೋಟಿ ಇಲ್ಲದ ಹಣ ತೋರಿಸಲಾಗಿದೆ ಎಂದು ಒಪ್ಪಿಕೊಂಡರು. ಬ್ಯಾಂಕಿನಲ್ಲಿ ದುಡ್ಡು ಇದೆಯೋ ಇಲ್ಲವೋ ಎಂಬುದಕ್ಕಿಂತ ಸುಲಭವಾಗಿ ಪತ್ತೆಯಾಗುವ ಸಂಗತಿ ಇನ್ನಾವುದಿದೆ? ಆದರೆ ಲೆಕ್ಕಪರಿಶೋಧಕರು ಠೇವಣಿಯ ದೃಢೀಕರಣವನ್ನು ಬ್ಯಾಂಕುಗಳಿಂದ ನೇರವಾಗಿ ತರಿಸಿಕೊಳ್ಳಲಿಲ್ಲ. ಪರೀಕ್ಷೆಗೆ ಒಳಗಾಗಬೇಕಾದ ಕಂಪನಿಯ ಕೈಯಿಂದಲೇ ಪಡೆದರು. ಹಾಗಾಗಿಯೇ ಆ ಸುಳ್ಳು ವರ್ಷಗಟ್ಟಲೆ ಬಾಳಿತು. ಕೆಲವೇ ತಿಂಗಳ ಹಿಂದೆ ಕಂಪನಿಗೆ ಉತ್ತಮ ಆಡಳಿತಕ್ಕಾಗಿ ಪ್ರಶಸ್ತಿಯೂ ಬಂದಿತ್ತು. ಪತ್ರ ಹೊರಬಿದ್ದ ದಿನ ಷೇರಿನ ಬೆಲೆ ಮುಕ್ಕಾಲು ಪಾಲಿಗಿಂತ ಹೆಚ್ಚು ಕುಸಿಯಿತು. ಪೆಟ್ಟು ಬಿದ್ದದ್ದು ಲೆಕ್ಕಪತ್ರ ನಂಬಿ ಷೇರು ಕೊಂಡವರಿಗೆ, ಕೆಲಸದ ಆತಂಕಕ್ಕೆ ಸಿಲುಕಿದ ಸುಮಾರು 50 ಸಾವಿರ ನೌಕರರಿಗೆ. ವಿಶೇಷ ನ್ಯಾಯಾಲಯ ರಾಜು ಅವರಿಗೆ ಏಳು ವರ್ಷ ಶಿಕ್ಷೆ ವಿಧಿಸುವ ಹೊತ್ತಿಗೆ 2015 ಬಂದಿತ್ತು.

‘ಎಲ್ಲರೂ ಮಾಡುವುದೇ ಅಲ್ಲವೇ’ ಎಂಬ ಸಮಾಧಾನ ನಮ್ಮಲ್ಲಿ ಸಲೀಸಾಗಿ ಹೊರಡುತ್ತದೆ. ಕರ್ನಾಟಕದಲ್ಲಿ 2023ರ ವಿಧಾನಸಭಾ ಚುನಾವಣೆಗೆ ಪ್ರತಿ ಅಭ್ಯರ್ಥಿಯ ವೆಚ್ಚದ ಮಿತಿ ₹40 ಲಕ್ಷ. ಆ ಚುನಾವಣೆಯಲ್ಲಿ ವಶಪಡಿಸಿಕೊಂಡ ನಗದು, ಮದ್ಯ, ಉಡುಗೊರೆ ಇತ್ಯಾದಿಗಳ ಮೌಲ್ಯ ₹375 ಕೋಟಿ ದಾಟಿತ್ತು. ಮಿತಿಯೊಳಗೆ ಖರ್ಚು ಮಾಡಿ, ನಿಜವಾದ ಲೆಕ್ಕ ಕೊಟ್ಟು ಸೋಲುವ ಅಭ್ಯರ್ಥಿಗೆ ‘ನಿನಗೆ ರಾಜಕೀಯ ಗೊತ್ತಿಲ್ಲ’ ಎನ್ನುವುದು ಅನ್ಯಾಯ. ಸೋತದ್ದು ಅವನ ಪ್ರಾಮಾಣಿಕತೆಯಿಂದಲ್ಲ. ಎದುರಾಳಿಯ ಲೆಕ್ಕವನ್ನು ಯಾರೂ ಸಕಾಲಕ್ಕೆ ಕೆದಕದ್ದರಿಂದ.

ಫಲಿತಾಂಶ ಬಂದ 30 ದಿನಗಳೊಳಗೆ ವೆಚ್ಚದ ಲೆಕ್ಕ ಸಲ್ಲಿಸಬೇಕೆಂದು ಕಾನೂನು ಅಭ್ಯರ್ಥಿಗೆ ಗಡುವು ಹಾಕಿದೆ. ಆ ಲೆಕ್ಕದ ಮೇಲಿನ ದೂರುಗಳ ಇತ್ಯರ್ಥಕ್ಕೂ ಅಷ್ಟೇ ಬಿಗಿಯಾದ ಗಡುವು ಬೇಕು. ಶಾಮಿಯಾನ, ವಾಹನ, ಮುದ್ರಣದ ಬಿಲ್ಲುಗಳನ್ನು ಅಂಗಡಿಯವರ ಜಿಎಸ್‌ಟಿ ದಾಖಲೆಯೊಂದಿಗೆ ತಾಳೆ ನೋಡುವುದು ಇಂದು ಕಷ್ಟದ ಕೆಲಸವಲ್ಲ. ಆಯೋಗ ಮುಂದಿನ ಚುನಾವಣೆಯಿಂದಲೇ ಅದನ್ನು ಆರಂಭಿಸಲಿ.