ಹೆದ್ದಾರಿಯಲ್ಲಿ ಲಾರಿಯ ಯು-ಟರ್ನ್: ನಿಷೇಧವಿದೆ, ತಿರುಗಲು ಜಾಗವಿಲ್ಲ

2025ರ ಸೆಪ್ಟೆಂಬರ್ 12ರ ರಾತ್ರಿ ಹಾಸನ ತಾಲ್ಲೂಕಿನ ಮೊಸಳೆಹೊಸಹಳ್ಳಿಯಲ್ಲಿ ಗಣೇಶ ವಿಸರ್ಜನೆಯ ಮೆರವಣಿಗೆ ಸಾಗುತ್ತಿತ್ತು. ಹಾಸನ-ಹೊಳೆನರಸೀಪುರ ಹೆದ್ದಾರಿಯಲ್ಲಿ ಬರುತ್ತಿದ್ದ ಸರಕು ಲಾರಿಯೊಂದು ದ್ವಿಚಕ್ರ ವಾಹನವನ್ನು ತಪ್ಪಿಸಲು ಹೋಗಿ ರಸ್ತೆ ವಿಭಜಕವನ್ನು ದಾಟಿ ಜನರ ಮೇಲೆ ನುಗ್ಗಿತು. ಕನಿಷ್ಠ ಒಂಬತ್ತು ಜೀವಗಳು ಹೋದವು. ಸತ್ತವರಲ್ಲಿ ಅದೇ ಊರಿನ ಎಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಗಳೂ ಇದ್ದರು. ಎಂದಿನಂತೆ ಪರಿಹಾರ ಘೋಷಣೆಯಾಯಿತು, ನಾಯಕರ ಭೇಟಿಗಳಾದವು, ಚಾಲಕನ ಮೇಲೆ ಮೊಕದ್ದಮೆ ಹೂಡಲಾಯಿತು.

ಆ ದುರಂತ ಯು-ಟರ್ನಿನಿಂದ ಆದುದಲ್ಲ. ಆದರೆ ಅಲ್ಲಿ ಎದ್ದ ಪ್ರಶ್ನೆ ಯು-ಟರ್ನಿನದೂ ಹೌದು. ಊರ ಬೀದಿಯೂ ಆಗಿ ಹೆದ್ದಾರಿಯೂ ಆಗಿರುವ ರಸ್ತೆಯಲ್ಲಿ ಭಾರಿ ವಾಹನವೊಂದು ತನ್ನ ಪಥವನ್ನು ಬಿಟ್ಟು ಎದುರಿನ ಪಥಕ್ಕೆ ಬಂದರೆ ಏನಾಗುತ್ತದೆ? ಅಂದು ಲಾರಿ ಹತೋಟಿ ತಪ್ಪಿ ವಿಭಜಕ ದಾಟಿತು. ಆದರೆ ಹಾಸನ ಜಿಲ್ಲೆಯ ರಸ್ತೆಗಳಲ್ಲಿ ದಿನನಿತ್ಯ ಲಾರಿಗಳು ಹತೋಟಿಯಲ್ಲಿದ್ದುಕೊಂಡೇ, ಬೇಕೆಂದೇ, ನಿಧಾನವಾಗಿ ಎದುರು ಪಥಕ್ಕೆ ಅಡ್ಡ ಬರುತ್ತವೆ. ಒಂದು ಲಾರಿ ಪೂರ್ತಿ ತಿರುಗುವವರೆಗೆ ಎರಡೂ ಕಡೆಯ ವಾಹನಗಳು ಅದರ ಕೃಪೆಯಲ್ಲಿರುತ್ತವೆ. ಇದಕ್ಕೆ ಅವಕಾಶವಿರಬೇಕೇ, ಇರಬಾರದೇ?

ಕಾನೂನು ಈ ಪ್ರಶ್ನೆಗೆ ಎಂದೋ ಉತ್ತರ ಕೊಟ್ಟಿದೆ. ನಿಷೇಧದ ಫಲಕವಿರುವಲ್ಲಿ ಮತ್ತು ವಾಹನ ದಟ್ಟಣೆಯಿರುವ ರಸ್ತೆಯಲ್ಲಿ ಯು-ಟರ್ನ್ ಮಾಡಕೂಡದೆಂದು 1989ರ ರಸ್ತೆ ನಿಯಮಾವಳಿಯೇ ಹೇಳಿತ್ತು. ಅದರ ಸ್ಥಾನದಲ್ಲಿ 2017ರಲ್ಲಿ ಬಂದ ಮೋಟಾರು ವಾಹನ ಚಾಲನಾ ನಿಯಮಾವಳಿಯೂ ಆ ನಿರ್ಬಂಧವನ್ನು ಕೈಬಿಡಲಿಲ್ಲ. ಅವಕಾಶವಿರುವೆಡೆ ಸಂಜ್ಞೆ ತೋರಿಸಿ, ಕನ್ನಡಿಯಲ್ಲಿ ಹಿಂದಿನವರನ್ನು ನೋಡಿ, ರಸ್ತೆ ತೆರವಾಗಿದೆಯೆಂದು ಖಚಿತವಾದ ಮೇಲೆ ತಿರುಗಬೇಕು. ಇಷ್ಟೆಲ್ಲ ಸರಿ. ಆದರೆ ಬೆಂಗಳೂರು-ಮಂಗಳೂರು ಹೆದ್ದಾರಿಯಲ್ಲಿ ದಟ್ಟಣೆಯಿಲ್ಲದ ಹೊತ್ತು ಯಾವುದು? ನಿಯಮವನ್ನು ಅಕ್ಷರಶಃ ಪಾಲಿಸಹೊರಟ ಚಾಲಕ ಹಿರೀಸಾವೆಯಿಂದ ಹಾಸನದವರೆಗೆ ಎಲ್ಲಿಯೂ ತಿರುಗುವಂತಿಲ್ಲ. ಹಾಗಿದ್ದೂ ಹೆದ್ದಾರಿಯನ್ನು ಕಟ್ಟಿದವರೇ ವಿಭಜಕದ ನಡುವೆ ಅಲ್ಲಲ್ಲಿ ತೆರಪು ಬಿಟ್ಟಿದ್ದಾರೆ. ನಿಯಮ ಬೇಡವೆನ್ನುತ್ತದೆ, ರಸ್ತೆ ಬಾ ಎನ್ನುತ್ತದೆ. ಚಾಲಕ ರಸ್ತೆಯ ಮಾತನ್ನು ಕೇಳುತ್ತಾನೆ.

ಇಲ್ಲಿ ಸ್ವಲ್ಪ ಲೆಕ್ಕ ಮಾಡಬೇಕು. ಹನ್ನೆರಡು ಮೀಟರ್ ಉದ್ದದ ಲಾರಿಯೊಂದು ಒಂದೇ ಹಿಡಿತದಲ್ಲಿ ಪೂರ್ತಿ ತಿರುಗಲು ಇಪ್ಪತ್ತರಿಂದ ಇಪ್ಪತ್ತನಾಲ್ಕು ಮೀಟರ್ ಅಗಲದ ಜಾಗ ಬೇಕಾಗುತ್ತದೆ. ಚತುಷ್ಪಥ ಹೆದ್ದಾರಿಯಲ್ಲಿ ಪ್ರತಿ ಪಥದ ಅಗಲ ಮೂರೂವರೆ ಮೀಟರ್. ವಿಭಜಕಕ್ಕೆ ತಾಗಿದ ಬಲಗಡೆಯ ಪಥದಿಂದ ತಿರುಗಿದರೆ ಆ ಪಥ, ನಾಲ್ಕೂವರೆ ಮೀಟರಿನ ವಿಭಜಕ, ಎದುರಿನ ಎರಡು ಪಥ, ಅಂಚಿನ ಒಂದೂವರೆ ಮೀಟರ್ ಎಲ್ಲ ಸೇರಿಯೂ ಹದಿನೇಳು ಮೀಟರ್ ದಾಟುವುದಿಲ್ಲ. ಊರುಗಳ ಬಳಿ ವಿಭಜಕ ಇನ್ನೂ ಕಿರಿದು. ಅಂದರೆ ನಿಯಮದಂತೆ ಬಲಪಥಕ್ಕೆ ಬಂದು, ಇಂಡಿಕೇಟರ್ ಹಾಕಿ, ಸಾವಧಾನವಾಗಿ ತಿರುಗುವ ಲಾರಿ ಅರ್ಧಕ್ಕೇ ಸಿಕ್ಕಿಬೀಳುತ್ತದೆ. ಆದುದರಿಂದ ಅನುಭವಿ ಚಾಲಕ ಮಾಡುವುದೇ ಬೇರೆ. ಆತ ಮೊದಲು ಎಡಕ್ಕೆ ಸರಿಯುತ್ತಾನೆ. ಅಲ್ಲಿಂದ ಎರಡೂ ಪಥಗಳಿಗೆ ಅಡ್ಡಲಾಗಿ ಬಲಕ್ಕೆ ಎಳೆಯುತ್ತಾನೆ. ಹಿಂದೆ ಬರುವ ಕಾರಿನವನಿಗೆ, ಬೈಕಿನವನಿಗೆ ಕಾಣುವುದು ಲಾರಿ ಎಡಕ್ಕೆ ಸರಿದು ದಾರಿ ಬಿಟ್ಟಂತೆ. ಆತ ಬಲಗಡೆಯಿಂದ ಮುನ್ನುಗ್ಗುತ್ತಾನೆ. ಅಪಘಾತದ ಬಳಿಕ ಪ್ರಥಮ ವರ್ತಮಾನ ವರದಿಯಲ್ಲಿ ಲಾರಿ ಚಾಲಕನ 'ಅತಿವೇಗ ಮತ್ತು ಅಜಾಗರೂಕತೆ' ಎಂಬ ಸಿದ್ಧವಾಕ್ಯ ಬೀಳುತ್ತದೆ. ಗಂಟೆಗೆ ಎಂಟು ಕಿಲೋಮೀಟರಿನಲ್ಲಿ ತಿರುಗುತ್ತಿದ್ದ ಲಾರಿಗೆ ಅತಿವೇಗವೆಲ್ಲಿಯದು?

ಇನ್ನು ಎದುರಿನಿಂದ ಬರುವವರ ಸ್ಥಿತಿ. ಸರಕು ತುಂಬಿದ ಲಾರಿ ಎದುರು ಪಥಗಳನ್ನು ಪೂರ್ತಿ ತೆರವು ಮಾಡಲು ಹತ್ತು-ಹನ್ನೆರಡು ಸೆಕೆಂಡು ಹಿಡಿಯುತ್ತದೆಂದು ಇಟ್ಟುಕೊಳ್ಳೋಣ. 2018ರಲ್ಲಿ ಕೇಂದ್ರ ಸರ್ಕಾರ ಚತುಷ್ಪಥ ಹೆದ್ದಾರಿಯಲ್ಲಿ ಕಾರುಗಳ ವೇಗಮಿತಿಯನ್ನು ಗಂಟೆಗೆ 100 ಕಿ.ಮೀ.ಗೆ ಏರಿಸಿತು. ಆ ವೇಗದ ಕಾರು ಹನ್ನೆರಡು ಸೆಕೆಂಡಿನಲ್ಲಿ ಮುನ್ನೂರು ಮೀಟರಿಗೂ ಹೆಚ್ಚು ದೂರ ಕ್ರಮಿಸುತ್ತದೆ. ಅಪಾಯ ಕಂಡು, ಬ್ರೇಕ್ ತುಳಿದು, ಪೂರ್ತಿ ನಿಲ್ಲಲು ಅದಕ್ಕೆ ಸುಮಾರು 180 ಮೀಟರ್ ಬೇಕೆಂದು ರಸ್ತೆ ಎಂಜಿನಿಯರರೇ ಲೆಕ್ಕ ಹಿಡಿಯುತ್ತಾರೆ. ಹಗಲಾದರೆ ದೂರದಿಂದಲೇ ಲಾರಿ ಕಾಣುತ್ತದೆ, ಕಾರು ನಿಲ್ಲುತ್ತದೆ, ನಾಲ್ಕು ಬೈಗುಳಗಳಲ್ಲಿ ಪ್ರಕರಣ ಮುಗಿಯುತ್ತದೆ. ರಾತ್ರಿಯಾದರೆ ತಗ್ಗಿಸಿದ ದೀಪದ ಬೆಳಕು ಐವತ್ತು-ಅರವತ್ತು ಮೀಟರಿನಾಚೆ ಹೆಚ್ಚೇನೂ ತೋರಿಸದು. ಅಡ್ಡ ನಿಂತ ಲಾರಿಯ ಮುಂದಿನ ದೀಪಗಳೂ ಹಿಂದಿನ ದೀಪಗಳೂ ಬೇರೆತ್ತಲೋ ಮುಖ ಮಾಡಿರುತ್ತವೆ. ಬರುವವನಿಗೆ ಎದುರಾಗುವುದು ಬೆಳಕಿಲ್ಲದ ಒಂದು ಗೋಡೆ. ಲಾರಿಯ ಪಕ್ಕಗಳಿಗೆ ಹೊಳೆಯುವ ಪಟ್ಟಿ ಹಚ್ಚಬೇಕೆಂಬ ನಿಯಮವುಂಟು. ಕೆಸರು ಮೆತ್ತಿ ಅದು ಎಷ್ಟು ಹೊಳೆಯುತ್ತದೆಂಬುದನ್ನು ಮಳೆಗಾಲದಲ್ಲಿ ಶಿರಾಡಿ ಇಳಿದು ಹತ್ತಿದವರು ಬಲ್ಲರು.

ಇದು ಹಾಸನಕ್ಕೆ ಮಾತ್ರ ಸೀಮಿತವಾದ ಸಂಗತಿಯಲ್ಲ. 2024ರ ಮೇ 5ರಂದು ರಾಜಸ್ಥಾನದ ಸವಾಯಿ ಮಾಧೋಪುರ ಜಿಲ್ಲೆಯಲ್ಲಿ, ದೆಹಲಿ-ಮುಂಬಯಿ ಎಕ್ಸ್‌ಪ್ರೆಸ್ ಹೆದ್ದಾರಿಯಲ್ಲಿ, ಲಾರಿಯೊಂದು ಹಠಾತ್ತನೆ ಯು-ಟರ್ನ್ ತೆಗೆದುಕೊಂಡಾಗ ಹಿಂದಿನಿಂದ ಬಂದ ಕಾರು ಅದಕ್ಕೆ ಬಡಿದು ಒಂದೇ ಕುಟುಂಬದ ಆರು ಮಂದಿ ಸತ್ತರು. ಮರುವರ್ಷ, 2025ರ ಆಗಸ್ಟ್ 12ರಂದು, ಅಮೆರಿಕದ ಫ್ಲಾರಿಡಾದಲ್ಲಿ ಟ್ರೇಲರ್ ಲಾರಿಯೊಂದು ಸರ್ಕಾರಿ ವಾಹನಗಳಿಗೆ ಮಾತ್ರ ಮೀಸಲಾದ ತೆರಪಿನಲ್ಲಿ ತಿರುಗಹೋಗಿ ಮೂವರ ಸಾವಿಗೆ ಕಾರಣವಾಯಿತು. ಚಾಲಕ ಭಾರತ ಮೂಲದವನೆಂಬ ಕಾರಣಕ್ಕೆ ಅಲ್ಲಿನ ಚರ್ಚೆಯೆಲ್ಲ ವಲಸೆ, ಇಂಗ್ಲಿಷ್ ಪರೀಕ್ಷೆ, ವೀಸಾಗಳತ್ತ ಹರಿಯಿತು. ಆ ತೆರಪು ಅಲ್ಲಿ ಏಕಿತ್ತು, ಲಾರಿ ಒಳಹೋಗದಂತೆ ಏಕೆ ತಡೆಯಿರಲಿಲ್ಲ ಎಂಬುದು ಹಿಂದೆ ಬಿದ್ದಿತು. ನಮ್ಮಲ್ಲಿ ಚಾಲಕ 'ಕುಡಿದಿದ್ದನೇ' ಎಂಬಲ್ಲಿಗೆ ಚರ್ಚೆ ನಿಲ್ಲುವಂತೆಯೇ ಇದೂ.

ಹಾಗಾದರೆ ತೆರಪುಗಳನ್ನೆಲ್ಲ ಮುಚ್ಚಿಬಿಡೋಣವೇ? ಪ್ರತಿ ದೊಡ್ಡ ಅಪಘಾತದ ಬಳಿಕ ಕೇಳಿಬರುವ ಸಲಹೆಯಿದು. ಮುಚ್ಚಿದರೆ ಆಗುವುದೇನೆಂದು ಚನ್ನರಾಯಪಟ್ಟಣದ ಆಸುಪಾಸಿನವರಿಗೆ ತಿಳಿಯದ್ದೇನಲ್ಲ. ಪೆಟ್ರೋಲ್ ಬಂಕ್, ಡಾಬಾ, ತೂಕಸೇತುವೆ, ಗೋದಾಮು ಇವುಗಳಲ್ಲಿ ಅರ್ಧದಷ್ಟು ಯಾವಾಗಲೂ ರಸ್ತೆಯ ಆಚೆ ಬದಿಯಲ್ಲಿರುತ್ತವೆ. ಮುಂದಿನ ತೆರಪು ಮೂರು ಕಿಲೋಮೀಟರ್ ದೂರವಿದ್ದರೆ ಹೋಗಿ ಬರಲು ಆರು. ಲೀಟರಿಗೆ ನಾಲ್ಕು ಕಿಲೋಮೀಟರ್ ಓಡುವ ಲಾರಿಗೆ ಅದು ನೂರು ರೂಪಾಯಿ ಮೀರುವ ಡೀಸೆಲ್. ಆಗ ಚಾಲಕ ಯು-ಟರ್ನ್ ಮಾಡುವುದಿಲ್ಲ ನಿಜ; ಎದುರು ಪಥದ ಅಂಚಿನಲ್ಲಿ ತಲೆಕೆಳಗಾಗಿ ಬರುತ್ತಾನೆ. ಕಬ್ಬಿನ ಹಂಗಾಮಿನಲ್ಲಿ ಎರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳು ಮಾಡುವುದೂ ಇದನ್ನೇ. ದಿಕ್ಕು ತಪ್ಪಿದ ಸಂಚಾರ ಯು-ಟರ್ನಿಗಿಂತ ಸುರಕ್ಷಿತವೇನಲ್ಲ. 2022ರ ಅಕ್ಟೋಬರಿನಲ್ಲಿ ಅರಸೀಕೆರೆ ತಾಲ್ಲೂಕಿನ ಗಾಂಧಿನಗರದ ಬಳಿ ಹಾಲಿನ ಟ್ಯಾಂಕರ್, ಸಾರಿಗೆ ಬಸ್ ಮತ್ತು ಟೆಂಪೊ ಟ್ರಾವೆಲರ್ ನಡುವೆ ಸಂಭವಿಸಿದ ಅಪಘಾತದಲ್ಲಿ, ಧರ್ಮಸ್ಥಳಕ್ಕೆ ಹೋಗಿ ಹಾಸನಾಂಬೆಯ ದರ್ಶನ ಮುಗಿಸಿ ಊರಿಗೆ ಮರಳುತ್ತಿದ್ದ ಒಂಬತ್ತು ಮಂದಿ ಸತ್ತರು. ಕಾಮಗಾರಿ ನಡೆಯುತ್ತಿದ್ದ ರಸ್ತೆಯಲ್ಲಿ ದಾರಿ ಬದಲಾದುದನ್ನು ತೋರಿಸುವ ಫಲಕವೇ ಇರಲಿಲ್ಲವೆಂಬ ದೂರು ಅಂದೇ ಕೇಳಿಬಂದಿತ್ತು.

ಹೊಳೆನರಸೀಪುರದ ಕಡೆಯ ಸಮಸ್ಯೆಯೇ ಬೇರೆ. ಹಾಸನದಿಂದ ಹೊಳೆನರಸೀಪುರ ಹಾದು ಬಿಳಿಕೆರೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 373ಕ್ಕೆ ಹೆಸರು ದೊಡ್ಡದು, ಅಗಲ ಸಣ್ಣದು. ವಿಭಜಕವಿಲ್ಲದ ದ್ವಿಪಥ ರಸ್ತೆಯೆಂದರೆ ಏಳು ಮೀಟರ್ ಡಾಂಬರು, ಎರಡು ಬದಿಯ ಅಂಚು ಸೇರಿಸಿದರೆ ಹತ್ತು. ಇಲ್ಲಿ ಲಾರಿ ತಿರುಗುವುದೆಂದರೆ ಮುಂದೆ ಹೋಗಿ, ಹಿಂದೆ ಬಂದು, ಮತ್ತೆ ಮುಂದೆ ಹೋಗಿ, ಕ್ಲೀನರ್ ಕೆಳಗಿಳಿದು ಕೈ ಬೀಸುವ ಆಟ. ಈಗೀಗ ಅನೇಕ ಲಾರಿಗಳಲ್ಲಿ ಕ್ಲೀನರ್ ಕೂಡ ಇಲ್ಲ, ಚಾಲಕನೊಬ್ಬನೇ. ಹಿಂದಕ್ಕೆ ಬರುವ ಲಾರಿಯ ಹಿಂಬದಿಯನ್ನು ನೋಡುವವರಾರು?

ಅರಕಲಗೂಡಿನದು ಇನ್ನೂ ಒಂದು ಬಗೆ. ರಾಷ್ಟ್ರೀಯ ಹೆದ್ದಾರಿಯ ಸೌಲಭ್ಯವಿಲ್ಲದಿದ್ದರೂ ಭಾರಿ ವಾಹನಗಳಿಗೆ ಕೊರತೆಯಿಲ್ಲ. ರಾಮನಾಥಪುರದ ತಂಬಾಕು ಹರಾಜು ಮಾರುಕಟ್ಟೆಗೆ ಬರುವ ಬೇಲುಗಳು, ಮುಸುಕಿನ ಜೋಳ, ಶುಂಠಿ ಎಲ್ಲವೂ ಲಾರಿಯಲ್ಲೇ ಸಾಗಬೇಕು. ತುಂಬುವ ಜಾಗಕ್ಕೂ ರಸ್ತೆಗೂ ನಡುವೆ ಅಂಗಳವಿಲ್ಲದಿದ್ದರೆ ಪೇಟೆಯ ರಸ್ತೆಯೇ ಅಂಗಳವಾಗುತ್ತದೆ. ಅಲ್ಲಿ ವೇಗ ಕಡಿಮೆಯಾದ್ದರಿಂದ ಪತ್ರಿಕೆಗೆ ಸುದ್ದಿಯಾಗುವ ಅಪಘಾತವಾಗದೆ ಇರಬಹುದು. ಆದರೆ ಚಕ್ರದ ಪಕ್ಕದಲ್ಲಿ ಸೈಕಲ್ ತುಳಿಯುವ ಶಾಲಾ ಹುಡುಗನಿಗೆ ವೇಗದ ಲೆಕ್ಕ ಬೇಕಾಗಿಲ್ಲ. ತಿರುಗುವ ಲಾರಿಯ ಹಿಂದಿನ ಚಕ್ರ ಮುಂದಿನ ಚಕ್ರ ಹೋದ ಹಾದಿಯಲ್ಲಿ ಹೋಗುವುದಿಲ್ಲ, ಒಳಕ್ಕೆ ಕತ್ತರಿಸುತ್ತದೆ.

ಯು-ಟರ್ನ್ ತನ್ನಷ್ಟಕ್ಕೆ ಪಾಪವೇನಲ್ಲ ಎಂಬುದಕ್ಕೂ ಉದಾಹರಣೆಯಿದೆ. ಅಮೆರಿಕದ ಮಿಶಿಗನ್ ರಾಜ್ಯದ ಅಗಲ ರಸ್ತೆಗಳಲ್ಲಿ ಅನೇಕ ವೃತ್ತಗಳಲ್ಲಿ ನೇರ ಎಡತಿರುವನ್ನೇ ತೆಗೆದುಹಾಕಿ, ವೃತ್ತ ದಾಟಿದ ಮೇಲೆ ಯು-ಟರ್ನ್ ಮಾಡಿಸುತ್ತಾರೆ. ಅಲ್ಲಿ ವಾಹನ ಬಲಗಡೆ ಚಲಿಸುವುದರಿಂದ ನಮ್ಮ ಬಲತಿರುವು ಅವರಿಗೆ ಎಡತಿರುವು. ತಿರುಗುವ ತೆರಪಿನ ಎದುರು ಬದಿಯಲ್ಲಿ, ರಸ್ತೆಯ ಹೊರ ಅಂಚಿಗೆ, ಡಾಂಬರು ಹಾಕಿದ ಹೊಟ್ಟೆಯಾಕಾರದ ಜಾಗ ಬಿಟ್ಟಿರುತ್ತಾರೆ. ಉದ್ದದ ಲಾರಿ ಆ ಜಾಗವನ್ನು ಬಳಸಿ ಒಂದೇ ಹಿಡಿತದಲ್ಲಿ ತಿರುಗುತ್ತದೆ. ವಿಭಜಕಕ್ಕೆ ತಾಗಿ ಕಾಯಲು ಪ್ರತ್ಯೇಕ ಪಥವಿರುವುದರಿಂದ ಹಿಂದಿನವರಿಗೆ ಅದು ಅಡ್ಡವಾಗುವುದಿಲ್ಲ. ಕೆಲವು ಮೀಟರ್ ಭೂಮಿ, ಒಂದಿಷ್ಟು ಡಾಂಬರು, ಒಂದು ಫಲಕ. ಇದಕ್ಕೆ ವಿದೇಶಿ ತಂತ್ರಜ್ಞಾನವೇನೂ ಬೇಕಾಗಿಲ್ಲ. ನಮ್ಮಲ್ಲೇ ಬೆಂಗಳೂರು-ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ ತೆರಪುಗಳಿಲ್ಲ. ತಿರುಗುವವರು ಸರ್ವಿಸ್ ರಸ್ತೆಗಿಳಿದು ಕೆಳಸೇತುವೆಯಲ್ಲಿ ಹಾಯಬೇಕು. 2023ರ ಆಗಸ್ಟ್ 1ರಿಂದ ಅಲ್ಲಿ ಬೈಕು, ಆಟೊಗಳನ್ನೂ ಮುಖ್ಯ ಪಥದಿಂದ ಹೊರಗಿಡಲಾಯಿತು. ನೆಲಮಂಗಲದಿಂದ ದೇವಿಹಳ್ಳಿ, ದೇವಿಹಳ್ಳಿಯಿಂದ ಹಾಸನ ಎಂದು ಎರಡು ಭಾಗಗಳಾಗಿ ಅಗಲವಾದ ನಮ್ಮ ಹೆದ್ದಾರಿಗೆ ಆ ಭಾಗ್ಯವಿಲ್ಲ. ಶಾಂತಿಗ್ರಾಮದಲ್ಲಿ ಟೋಲ್ ಮಾತ್ರ ತಪ್ಪದೆ ಕಟ್ಟಬೇಕು.

ಹೊಣೆಗಾರಿಕೆಯ ತಕ್ಕಡಿ ಹೇಗಿದೆ ನೋಡಿ. ನಿರ್ಲಕ್ಷ್ಯದಿಂದ ಸಾವು ಉಂಟುಮಾಡಿದ ಚಾಲಕನಿಗೆ ಭಾರತೀಯ ನ್ಯಾಯ ಸಂಹಿತೆಯ 106ನೇ ಸೆಕ್ಷನ್ ಐದು ವರ್ಷಗಳವರೆಗೆ ಸೆರೆವಾಸ ಹೇಳುತ್ತದೆ. ರಸ್ತೆಯ ವಿನ್ಯಾಸ, ನಿರ್ಮಾಣ, ನಿರ್ವಹಣೆಗಳಲ್ಲಿ ಮಾನದಂಡ ಮೀರಿ ಸಾವಿಗೆ ಕಾರಣರಾದ ಪ್ರಾಧಿಕಾರ, ಗುತ್ತಿಗೆದಾರ, ಸಲಹೆಗಾರರಿಗೆ ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿದ 198ಎ ಸೆಕ್ಷನ್ ವಿಧಿಸುವುದು ಒಂದು ಲಕ್ಷ ರೂಪಾಯಿವರೆಗಿನ ದಂಡ. ಇನ್ನು ಸತ್ತವನ ಮನೆಯವರ ಪಾಡು ಪ್ರತ್ಯೇಕ. ಪರಿಹಾರದ ಮೊಕದ್ದಮೆಯಲ್ಲಿ ವಿಮಾ ಕಂಪನಿ ಮೊದಲು ಎತ್ತುವ ವಾದವೇ ಬೈಕಿನವನದೂ ತಪ್ಪಿತ್ತು ಎಂಬುದು. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಕೊಯಮತ್ತೂರಿನ ಪ್ರಕರಣವೊಂದರಲ್ಲಿ, ಹೆದ್ದಾರಿಯಲ್ಲಿ ಮುನ್ಸೂಚನೆಯಿಲ್ಲದೆ ಹಠಾತ್ತನೆ ನಿಲ್ಲಿಸುವುದು ನಿರ್ಲಕ್ಷ್ಯವೆಂದು ಸ್ಪಷ್ಟಪಡಿಸಿ ಕಾರು ಚಾಲಕನ ಮೇಲೆ ಅರ್ಧ ಹೊಣೆ ಹೊರಿಸಿತು. ಆದರೂ ಕಾಲು ಕಳೆದುಕೊಂಡ ಬೈಕ್ ಸವಾರನ ಪಾಲಿಗೆ ಶೇ 20ರಷ್ಟು ತಪ್ಪು ಉಳಿಯಿತು. ಕತ್ತಲಲ್ಲಿ ಅಡ್ಡ ತಿರುಗುವ ಲಾರಿಗೆ ಬಡಿದವರ ಮೊಕದ್ದಮೆಗಳಲ್ಲಿ ಮುಂದೆ ಈ ತೀರ್ಪಿನ ಎರಡೂ ಭಾಗಗಳು ಉಲ್ಲೇಖಗೊಳ್ಳುವುದರಲ್ಲಿ ಸಂಶಯವಿಲ್ಲ.

2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಒಟ್ಟು ರಸ್ತೆ ಜಾಲದಲ್ಲಿ ನೂರಕ್ಕೆ ಎರಡರಷ್ಟಿರುವ ರಾಷ್ಟ್ರೀಯ ಹೆದ್ದಾರಿಗಳ ಪಾಲು ಇದರಲ್ಲಿ ಶೇ 36. ಹೀಗಿರುವಾಗ ಹಾಸನ ಜಿಲ್ಲೆಯಲ್ಲಿ ಮಾಡಬಹುದಾದುದಿಷ್ಟು ಎಂದು ಈ ಲೇಖಕನಿಗೆ ತೋರುತ್ತದೆ: ಚತುಷ್ಪಥದ ಸಮತಲ ತೆರಪುಗಳಲ್ಲಿ ಸಂಜೆಯಿಂದ ಬೆಳಗಿನವರೆಗೆ ಉದ್ದದ ಲಾರಿಗಳ ಯು-ಟರ್ನನ್ನು ನಿಲ್ಲಿಸಬೇಕು. ಆದರೆ ಅದಕ್ಕೂ ಮೊದಲು ಅವು ಎಲ್ಲಿ ತಿರುಗಬೇಕೆಂದು ಗುರುತಿಸಿ, ಜಾಗ ಅಗಲಿಸಿ, ದೀಪ ಹಾಕಿ, ಎರಡು ಕಿಲೋಮೀಟರ್ ಮುಂಚಿತವಾಗಿ ಕನ್ನಡದಲ್ಲಿಯೂ ಹಿಂದಿಯಲ್ಲಿಯೂ ಫಲಕ ನೆಡಬೇಕು. ಹಿಂದಿ ಎಂದೊಡನೆ ಹುಬ್ಬೇರಿಸುವವರು ಆ ಲಾರಿಗಳ ನೋಂದಣಿ ಫಲಕಗಳನ್ನೊಮ್ಮೆ ನೋಡಲಿ. ದ್ವಿಪಥ ರಸ್ತೆಗಳಲ್ಲಿ ಹಗಲೂ ಇರುಳೂ ನಿಷೇಧವೇ ಸರಿ. ತಿರುಗುವುದು ಎಪಿಎಂಸಿ ಪ್ರಾಂಗಣದಲ್ಲೋ ಬಂಕಿನ ಅಂಗಳದಲ್ಲೋ ಆಗಬೇಕು. ವಾಹನ ಸಂಚಾರವನ್ನು ನಿರ್ಬಂಧಿಸುವ ಅಧಿಕಾರ ಮೋಟಾರು ವಾಹನ ಕಾಯ್ದೆಯ 115ನೇ ಸೆಕ್ಷನ್ನಿನಲ್ಲೇ ಇದೆ. ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದಾಗ ಭಾರಿ ವಾಹನಗಳನ್ನು ತಡೆಯಲು ತೋರುವ ಚುರುಕು ಇಲ್ಲಿಯೂ ಸಾಧ್ಯ.

ಇದಕ್ಕೆ ಕಾಲವೂ ಬಹಳವಿಲ್ಲ. ಪ್ರತಿವರ್ಷ ಏಪ್ರಿಲ್-ಮೇ ತಿಂಗಳಲ್ಲಿ ಹಾಸನದ ಎಪಿಎಂಸಿಯಲ್ಲಿ ಬಿತ್ತನೆ ಆಲೂಗಡ್ಡೆ ಮಾರಾಟ ನಡೆಯುತ್ತದೆ. ಜಲಂಧರದಿಂದ ಎರಡು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ ಬರುವ ಆ ಲಾರಿಗಳ ಚಾಲಕರಿಗೆ ನಮ್ಮ ತೆರಪುಗಳ ಪರಿಚಯವಿಲ್ಲ, ನಮ್ಮ ಫಲಕಗಳ ಲಿಪಿಯೂ ತಿಳಿಯದು. ಮಾರುಕಟ್ಟೆಯ ದಾರಿ ತಪ್ಪಿ ಮುಂದೆ ಹೋದವನು ಎಲ್ಲಿ ತಿರುಗಬೇಕೆಂಬ ವಿಷಯ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ರಸ್ತೆ ಸುರಕ್ಷತಾ ಸಮಿತಿಯ ಕಾರ್ಯಸೂಚಿಯಲ್ಲಿ ಅಷ್ಟರೊಳಗೆ ಸೇರಬೇಕು.