ಹಿತ್ತಲಿಗೆ ಬಿದ್ದ ಬೆತ್ತದ ಕುರ್ಚಿ

ನಮ್ಮ ಕಡೆಯ ಊರುಗಳಲ್ಲಿ ಬೆತ್ತದ ಕುರ್ಚಿ ಹಾಳಾಗುವುದು ವಯಸ್ಸಾಗಿ ಅಲ್ಲ, ನಮ್ಮ ಉದಾಸೀನದಿಂದ. ಜಮಖಂಡಿಯ ಹಳೆಯ ವಾಡೆಗಳ ಅಟ್ಟ ಹತ್ತಿ ನೋಡಿ, ಮುಧೋಳದ ಮಾಳಿಗೆ ಮನೆಗಳ ಹಿತ್ತಲಿಗೆ ಹೋಗಿ ನೋಡಿ. ಈ ಎರಡೂ ಸಂಸ್ಥಾನಗಳು 1948ರಲ್ಲಿ ಮುಂಬಯಿ ಪ್ರಾಂತ್ಯಕ್ಕೆ ಸೇರಿಹೋದವು. ಆ ಕಾಲದಿಂದ ಪಡಸಾಲೆಯಲ್ಲಿ ಹಿರಿಯರನ್ನು ಕೂಡ್ರಿಸಿಕೊಂಡಿದ್ದ ಕುರ್ಚಿ ಈಗ ಕಟ್ಟಿಗೆಯ ಒಟ್ಟಿಲ ಮೇಲೆ ಕಾಲು ಮೇಲೆ ಮಾಡಿ ಬಿದ್ದಿರುತ್ತದೆ. ಸೀಟಿನಲ್ಲಿ ಅಂಗೈಯಗಲದ ತೂತು. ಅದರ ಅಪರಾಧ ಅಷ್ಟೇ!

"ಏನ್ ಮಾಡೂದ್ರೀ, ಹಳೇದಾತು. ರಿಪೇರಿ ಮಾಡವ್ರೂ ಸಿಗೂದಿಲ್ಲ" ಎಂಬ ಉತ್ತರ ಎಲ್ಲರ ಬಾಯಲ್ಲೂ ಸಿದ್ಧ. ಇದರಲ್ಲಿ ಮೊದಲ ಮಾತು ಸುಳ್ಳು. ಎರಡನೆಯದು ನಿಜವಾಗುತ್ತಿದ್ದರೆ ಅದಕ್ಕೆ ಕಾರಣ ನಾವೇ.

ಬೆತ್ತವೆಂದರೆ ಬಿದಿರಲ್ಲ. ಪಶ್ಚಿಮ ಘಟ್ಟದ ಮಳೆಕಾಡಿನಲ್ಲಿ ಮರಗಳನ್ನು ಹಿಡಿದು ಮೇಲೇರುವ, ತಾಳೆಯ ಕುಲಕ್ಕೆ ಸೇರಿದ ಮುಳ್ಳುಬಳ್ಳಿ ಅದು. ಬಿದಿರಿನಂತೆ ಒಳಗೆ ಟೊಳ್ಳಿಲ್ಲ. ತಂಪು ನಾಡಿನ ಈ ಬಳ್ಳಿಗೆ ನಮ್ಮ ಸೀಮೆಯ ಬೇಸಿಗೆ ಆಗಿಬರುವುದಿಲ್ಲ. ಬಿಸಿಲಿಗೆ ಬಿಟ್ಟರೆ ಬೂದುಬಣ್ಣಕ್ಕೆ ತಿರುಗಿ, ಒಣಗಿ, ಎಳೆ ಪಟ್ಟನೆ ಮುರಿಯುತ್ತದೆ. ಆಗ ನಾವೇನು ಮಾಡುತ್ತೇವೆ? ಧೂಳಿನ ಮೇಲೆಯೇ ಎನಾಮಲ್ ಬಣ್ಣ ಬಳಿಯುತ್ತೇವೆ. ಅದು ಕೆಲ ದಿನಗಳಲ್ಲೇ ಹಪ್ಪಳದಂತೆ ಏಳುತ್ತದೆ.

ಒಣಗಿದ ಬೆತ್ತಕ್ಕೆ ಮೊದಲು ಬೇಕಾದದ್ದು ನೀರು. ಮೆತ್ತನೆಯ ಬ್ರಷ್ಷಿನಿಂದ ಧೂಳು ತೆಗೆದು, ತೆಳುವಾದ ಸಾಬೂನು ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಿ. ಕಣ್ಣುಕಣ್ಣಾಗಿ ಹೆಣೆದ ಸೀಟು ಬರೀ ಜೋತುಬಿದ್ದಿದ್ದರೆ, ಕೆಳಗಿನಿಂದ ಬಿಸಿನೀರಿನ ಬಟ್ಟೆ ಒತ್ತಿ ಚೆನ್ನಾಗಿ ತೋಯಿಸಿ. ಯಾರೂ ಕೂಡದಂತೆ ನೆರಳಿನಲ್ಲಿ ಒಣಗಲಿ. ಎಳೆ ಹರಿದಿರದಿದ್ದರೆ ಒಣಗುತ್ತ ಒಣಗುತ್ತ ಅದು ಬಿಗಿದುಕೊಳ್ಳುತ್ತದೆ. ಪೂರ್ತಿ ಆರಿದ ಮೇಲೆ ಅಗಸಿ ಎಣ್ಣೆಯನ್ನು ತೆಳುವಾಗಿ ಸವರಿ, ಹೆಚ್ಚಾದದ್ದನ್ನು ಒರೆಸಿಬಿಡಿ. ಎಣ್ಣೆ ಒರೆಸಿದ ಬಟ್ಟೆಯನ್ನು ಮಾತ್ರ ಮುದ್ದೆ ಮಾಡಿ ಮೂಲೆಗೆ ಒಗೆಯಬೇಡಿ, ತಾನಾಗಿಯೇ ಕಾವೇರಿ ಹೊತ್ತಿಕೊಂಡೀತು. ಬಯಲಲ್ಲಿ ಹರವಿ ಒಣಗಿಸಿ.

ತೂತು ಬಿದ್ದಿದ್ದರೆ ಕೆಲಸ ಬಲ್ಲ ಕೈಯೇ ಬೇಕು. ಹಳೆಯ ಎಳೆ ಬಿಚ್ಚಿ, ಹೊಸದನ್ನು ನೀರಿನಲ್ಲಿ ನೆನೆಹಾಕಿ, ಉದ್ದಕ್ಕೆ ಎರಡು, ಅಡ್ಡಕ್ಕೆ ಎರಡು, ಓರೆಯಾಗಿ ಎರಡು ಎಳೆದು ಹೆಣೆಯಬೇಕು. ಅವಸರಕ್ಕೆ ಒದಗುವ ಕೆಲಸವಲ್ಲ. ಬಿದಿರ ಬುಟ್ಟಿ, ಮೊರ ಹೆಣೆಯುವ ಮೇದಾರರಲ್ಲಿ ಬೆತ್ತದ ಕೆಲಸ ಗೊತ್ತಿದ್ದವರನ್ನು ವಿಚಾರಿಸಿ ಹುಡುಕಬೇಕು. ಹುಡುಕಿ ಕರೆಸುತ್ತೇವೆ ಎನ್ನಿ, ಆಮೇಲೆ? "ಇಷ್ಟ್ಯಾಕೋ ಮಾರಾಯಾ, ಇದರಾಗ ಹೊಸಾ ಕುರ್ಚಿನ ಬರ್ತೈತಿ" ಎಂದು ಹೇಳಿದ ಕೂಲಿಯಲ್ಲಿ ಅರ್ಧ ಕಡಿಯುತ್ತೇವೆ. ಅವನು ತನ್ನ ಮಗನಿಗೆ ಈ ವಿದ್ಯೆ ಏಕೆ ಕಲಿಸಿಯಾನು?

ರಬಕವಿ-ಬನಹಟ್ಟಿಯ ಅಕ್ಕತಂಗಿಯರನ್ನು ನಾನು ವಿಶೇಷವಾಗಿ ಕೇಳಬೇಕಾಗಿದೆ. ಹಾಸು ಹೊಕ್ಕು ಎಂದರೇನೆಂದು ನಿಮಗೆ ಯಾರೂ ಹೇಳಿಕೊಡಬೇಕಿಲ್ಲ. ವಿದ್ಯುತ್ ಮಗ್ಗ ಬಂದು ಕೈಮಗ್ಗದ ಅನ್ನ ಕಸಿಯಿತೆಂದು ನೊಂದ ಮನೆಗಳು ನಿಮ್ಮವು. ಕೆಲವು ಬಗೆಯ ಬಟ್ಟೆಗಳನ್ನು ಕೈಮಗ್ಗಕ್ಕೇ ಮೀಸಲಿಟ್ಟು 1985ರಲ್ಲಿ ಕಾಯ್ದೆಯೇ ಬಂತು. ಕೈಯಿಂದ ನೇಯ್ದ ಸೀರೆಯನ್ನು ಯಂತ್ರದ ಸೀರೆಯ ದರಕ್ಕೆ ಕೇಳಿದವರ ಮೇಲೆ ನಿಮಗೆ ಸಿಟ್ಟು ಬರುವುದಿಲ್ಲವೇ? ಹಾಗಾದರೆ ಬೆತ್ತ ಹೆಣೆಯುವವನ ಮುಂದೆ ಪ್ಲಾಸ್ಟಿಕ್ ಕುರ್ಚಿಯ ದರ ಹೇಳುವುದು ಯಾವ ನ್ಯಾಯ? ನಾವೆಲ್ಲ ಕೂಡಲಸಂಗಮಕ್ಕೆ ಹೋಗಿ ಕೈಮುಗಿಯುವವರೇ. 12ನೆಯ ಶತಮಾನದಲ್ಲಿ ಬುಟ್ಟಿ ಹೆಣೆದು ಬದುಕಿದ ಮೇದಾರ ಕೇತಯ್ಯನನ್ನು ಶರಣನೆಂದು ನೆನೆಯುತ್ತೇವೆ. ಬಸವ ಜಯಂತಿಯ ದಿನ ಕಾಯಕದ ಭಾಷಣಕ್ಕೆ ಚಪ್ಪಾಳೆ ತಟ್ಟುತ್ತೇವೆ. ಮರುದಿನ ಕೂಲಿ ಕಡಿಯುತ್ತೇವೆ!

ಪ್ಲಾಸ್ಟಿಕ್ ಕುರ್ಚಿ ಅಗ್ಗ, ಹಗುರ, ಒಂದರ ಮೇಲೊಂದು ಪೇರಿಸಿಡಬಹುದು. ಇಲ್ಲದವರ ಮನೆಗೆ ಅದು ಬೇಡ ಎನ್ನಲು ನಾನು ಯಾರು? ನನ್ನ ಜಗಳವಿರುವುದು ಹಿತ್ತಲಲ್ಲಿ ಬೆತ್ತದ ಕುರ್ಚಿ ಇಟ್ಟುಕೊಂಡೂ ಅಂಗಡಿಗೆ ಓಡುವವರೊಂದಿಗೆ. ಬಿಸಿಲಿಗೆ ಪ್ಲಾಸ್ಟಿಕ್ಕೂ ಪೆಡಸಾಗುತ್ತದೆ. ಕಾಲು ಮುರಿದರೆ ಅದಕ್ಕೆ ಮತ್ತೊಂದು ಕಾಲು ಜೋಡಿಸುವವರಿಲ್ಲ.

ಬೀಳಗಿ ಕಡೆಯವರನ್ನು ನೆನೆಸಿಕೊಳ್ಳಿ. ಆಲಮಟ್ಟಿಯ ಹಿನ್ನೀರಿಗೆ ಊರು ಬಿಟ್ಟುಕೊಟ್ಟವರು ಬಾಗಿಲು, ತೊಲೆಗಳನ್ನು ಬಿಚ್ಚಿ ಬಂಡಿಗೆ ಹೇರಿಕೊಂಡು ಪುನರ್ವಸತಿ ಕೇಂದ್ರಗಳಿಗೆ ಒಯ್ದರು. ಬಿಚ್ಚಿ ಮತ್ತೆ ಜೋಡಿಸಬಲ್ಲ ವಸ್ತುವಿನ ಬೆಲೆ ಅವರಿಗೆ ತಿಳಿದಿತ್ತು. ನಮಗೆ ಯಾವ ಹೊಳೆಯೂ ಬಾಗಿಲಿಗೆ ಬಂದಿಲ್ಲ. ಆದರೂ ಒಳ್ಳೆಯ ಕುರ್ಚಿಯನ್ನು ಒಲೆಗೆ ಕಾಯಿಸಿ ಇಟ್ಟಿದ್ದೇವೆ.

ಈ ವಾರವೇ ಅದನ್ನು ಹೊರತೆಗೆಯಿರಿ. ತೊಳೆಯುವಷ್ಟನ್ನು ನೀವೇ ತೊಳೆಯಿರಿ. ಹೆಣೆಯುವವನನ್ನು ಕರೆಸಿ, ಅವನು ಕೇಳಿದ ಕೂಲಿಯನ್ನು ಪೂರ್ತಿ ಕೊಡಿ. ಅದು ಹೆಚ್ಚೆನಿಸಿದರೆ ಒಂದು ದಿನ ಅವನ ಪಕ್ಕ ಕೂತು ಅವನ ಬೆರಳುಗಳನ್ನು ನೋಡಿ, ಆಮೇಲೆ ಚೌಕಾಸಿ ಮಾಡಿ.