ತಾಳಗುಪ್ಪದ ರೈಲು ಅಂಗಡಿಯಲ್ಲಿ ಸಿಗುವುದಿಲ್ಲ

ಮಾದರಿ ರೈಲುಗಳ ಹವ್ಯಾಸ ನಮ್ಮ ಸಾಗರ ಸೀಮೆಗೂ ಬಂದಿದೆ. ನಿವೃತ್ತ ಮಾಷ್ಟ್ರ ಮನೆಯಲ್ಲಿ ಸಣ್ಣ ರೈಲು ಓಡುತ್ತದೆ ಎಂದು ಕೇಳಿಕೊಂಡು ಹುಡುಗರು ವರದಹಳ್ಳಿಗೆ ಬರುತ್ತಾರೆ. ಜರ್ಮನಿಯ ಮಾರ್ಕ್ಲಿನ್ ಎಂಜಿನ್ನನ್ನೋ ಇಂಗ್ಲೆಂಡಿನ ಹಾರ್ನ್‌ಬಿ ಸೆಟ್ಟನ್ನೋ ಮೊಬೈಲಿನಲ್ಲಿ ತೋರಿಸಿ, ‘ಇದನ್ನು ತಗೊಳ್ಳಬಹುದಾ ಮಾಷ್ಟ್ರೇ?’ ಎಂದು ಕೇಳುತ್ತಾರೆ. ಆ ಕಂಪನಿಗಳ ಕೆಲಸದ ಮೇಲೆ ನನಗೆ ಅಪಾರ ಗೌರವವಿದೆ. ಮಾರ್ಕ್ಲಿನ್ 1859ರಲ್ಲಿ ಶುರುವಾದ ಮನೆತನ. 1891ರಲ್ಲಿ ಆಟದ ರೈಲಿಗೆ ಗೊತ್ತಾದ ಅಳತೆಯ ಹಳಿ ಎಂಬ ಪದ್ಧತಿಯನ್ನು ಬಳಕೆಗೆ ತಂದವರು ಅವರೇ. ಆದರೂ ಹುಡುಗರಿಗೆ ನಾನು ಹೇಳುವುದು ಬೇರೆ. ಇಡೀ ಸೆಟ್ ಕೊಳ್ಳಬೇಡಿ. ಹಳಿ ಕೊಳ್ಳಿ, ಚಕ್ರ ಕೊಳ್ಳಿ, ಮೋಟಾರು ಕೊಳ್ಳಿ. ಮೇಲಿನದೆಲ್ಲ ನಮ್ಮ ಲೈನಿನದಾಗಲಿ, ಅದನ್ನು ಇಲ್ಲೇ ಮಾಡೋಣ.

ನಮ್ಮ ಲೈನು ಅಂದರೆ ಶಿವಮೊಗ್ಗ–ತಾಳಗುಪ್ಪ ಮೀಟರ್ ಗೇಜ್. 1899ರಲ್ಲಿ ಬೀರೂರಿನಿಂದ ಶಿವಮೊಗ್ಗಕ್ಕೆ ಬಂದ ಹಳಿ ಆಮೇಲೆ ಮೈಸೂರು ಸಂಸ್ಥಾನದ ಕಾಲದಲ್ಲೇ ಕುಂಸಿ, ಅರಸಾಳು, ಆನಂದಪುರ, ಸಾಗರ ದಾಟಿ ತಾಳಗುಪ್ಪ ಮುಟ್ಟಿತು. ಮುಂದೆ ಬೀರೂರು–ಶಿವಮೊಗ್ಗ ಭಾಗ ಬ್ರಾಡ್ ಗೇಜ್ ಆಗಿ, ಈಚೆಯ ತುಂಡು ಮಾತ್ರ ಒಂಟಿಯಾಗಿ ಉಳಿದಾಗ ಅದರ ಮೇಲೆ ರೈಲುಬಸ್ಸು ಓಡಿತು. ಕಾಡು, ಗದ್ದೆ, ತೋಟದ ಅಂಚಿನಲ್ಲಿ ಒಂದೇ ಒಂದು ಡಬ್ಬಿ ಹಾರ್ನ್ ಹಾಕಿಕೊಂಡು ಹೋಗುತ್ತಿದ್ದುದನ್ನು ಮೂವತ್ತು ದಾಟಿದ ಸಾಗರದವರೆಲ್ಲ ನೋಡಿದ್ದಾರೆ. 2011ರ ಹೊತ್ತಿಗೆ ತಾಳಗುಪ್ಪದವರೆಗೂ ಬ್ರಾಡ್ ಗೇಜ್ ಬಂತು. ಇವತ್ತು ಬೆಂಗಳೂರಿಗೆ, ಮೈಸೂರಿಗೆ ನೇರ ರೈಲು ಹತ್ತುತ್ತೇವೆ. ಅದು ಬೇಕಾಗಿದ್ದ ಬದಲಾವಣೆ. ಮೀಟರ್ ಗೇಜ್ ಹೋದದ್ದಕ್ಕೆ ನನ್ನ ದೂರಿಲ್ಲ. ಅದರ ಆಕಾರ, ಅಳತೆ, ಬಣ್ಣ ಯಾರ ಬಳಿಯೂ ಉಳಿಯದೆ ಹೋಗುತ್ತಿರುವುದು ನನಗೆ ಸಂಕಟ. ಆ ರೈಲುಬಸ್ಸಿನ ಮಾದರಿಯನ್ನು ಮಾರುವ ಅಂಗಡಿ ಇವತ್ತಿಗೂ ನನ್ನ ಕಣ್ಣಿಗೆ ಬಿದ್ದಿಲ್ಲ.

ಇಲ್ಲಿ ಸ್ವಲ್ಪ ಲೆಕ್ಕ ಹೇಳಬೇಕು, ಯಾಕೆಂದರೆ ಈ ಲೆಕ್ಕವೇ ನಮ್ಮ ಪರವಾಗಿದೆ. ಜಗತ್ತಿನಲ್ಲಿ ಹೆಚ್ಚು ಬಳಕೆಯಲ್ಲಿರುವ ಮಾದರಿ ಅಳತೆಗೆ ಎಚ್‌ಓ ಎನ್ನುತ್ತಾರೆ. ನಿಜದ 87 ಅಡಿ ಅದರಲ್ಲಿ ಒಂದಡಿ. ಅದರ ಹಳಿಯ ಅಗಲ 16.5 ಮಿ.ಮೀ. ಅದನ್ನು 87ರಿಂದ ಗುಣಿಸಿದರೆ 1,435 ಮಿ.ಮೀ. ಬರುತ್ತದೆ, ಅಂದರೆ ಯುರೋಪು, ಅಮೆರಿಕದ ಗೇಜು. ನಮ್ಮ ಬ್ರಾಡ್ ಗೇಜ್ 1,676 ಮಿ.ಮೀ. ಹಾಗಾಗಿ ಭಾರತದ ದೊಡ್ಡ ರೈಲಿನ ಮಾದರಿಯನ್ನು ಅಂಗಡಿಯ ಹಳಿಯ ಮೇಲೆ ಇಟ್ಟರೆ ನಿಜದ ಲೆಕ್ಕದಲ್ಲಿ 24 ಸೆಂ.ಮೀ. ಕಿರಿದಾಗುತ್ತದೆ. ಒಮ್ಮೆ ಗೊತ್ತಾದಮೇಲೆ ಕಣ್ಣಿಗೆ ಚುಚ್ಚುತ್ತಲೇ ಇರುತ್ತದೆ. ಮೀಟರ್ ಗೇಜಿಗೆ ಈ ತೊಂದರೆಯಿಲ್ಲ. ಸ್ವಿಟ್ಜರ್ಲೆಂಡಿನ ಬೆಟ್ಟದ ರೈಲುಗಳೂ ಮೀಟರ್ ಗೇಜಿನವು. ಅವುಗಳ ಮಾದರಿಗಾಗಿ ಬೇಮೋ, ಪೀಕೋ ಕಂಪನಿಗಳು 12 ಮಿ.ಮೀ. ಹಳಿ ಮಾಡುತ್ತವೆ. ಹನ್ನೆರಡನ್ನು 87ರಿಂದ ಗುಣಿಸಿದರೆ 1,044. ವ್ಯತ್ಯಾಸ ಬರೀ ನಾಲ್ಕು ಸೆಂಟಿಮೀಟರು. ಆಲ್ಪ್ಸ್ ಬೆಟ್ಟಕ್ಕೆ ಮಾಡಿದ ಹಳಿಯ ಮೇಲೆ ತಾಳಗುಪ್ಪದ ರೈಲು ಸರಿಯಾಗಿ ಕೂರುತ್ತದೆ. 2022ರಲ್ಲಿ ಹಾರ್ನ್‌ಬಿಯವರು 1:120 ಅಳತೆಯ ಹೊಸ ಸಾಲು ತಂದರು, ಅದರ ಹಳಿಯೂ 12 ಮಿ.ಮೀ. ಅಲ್ಲಿನ ಒಂದು ಎಂಜಿನ್ನಿನ ಮೇಲ್ಮೈ ಬಿಚ್ಚಿ, ಕೆಳಗಿನ ಮೋಟಾರು-ಚಕ್ರದ ಭಾಗವನ್ನು ಮಾತ್ರ ಇಟ್ಟುಕೊಂಡು, ಮೇಲೆ ನಾವೇ ಮಾಡಿದ ರೈಲುಬಸ್ಸಿನ ಮೈ ಕೂರಿಸಬಹುದು.

ಕೊಳ್ಳುವ ವಿಷಯಕ್ಕೆ ಬರೋಣ. 2020ರ ಬಜೆಟ್ಟಿನಲ್ಲಿ ಆಟಿಕೆಗಳ ಮೂಲ ಆಮದು ಸುಂಕವನ್ನು ಶೇ 20ರಿಂದ ಶೇ 60ಕ್ಕೆ ಏರಿಸಿದರು. 2023ರಲ್ಲಿ ಅದು ಶೇ 70 ಆಯಿತು. ಕಸ್ಟಮ್ಸ್ ಪಟ್ಟಿಯಲ್ಲಿ ಗೊಂಬೆ, ಮೂರು ಗಾಲಿಯ ಸೈಕಲ್ಲು, ಅಳತೆಗೆ ಇಳಿಸಿದ ಮಾದರಿ ಎಲ್ಲವೂ 9503 ಎಂಬ ಒಂದೇ ಶೀರ್ಷಿಕೆಯಲ್ಲಿ ಬರುತ್ತವೆ. ಚನ್ನಪಟ್ಟಣದ ಅರಗಿನ ಆಟಿಕೆಗೆ ಅಗ್ಗದ ಪ್ಲಾಸ್ಟಿಕ್ಕಿನಿಂದ ರಕ್ಷಣೆ ಸಿಗಬೇಕು ಎಂಬುದರಲ್ಲಿ ನನಗೆ ಎರಡು ಮಾತಿಲ್ಲ. 14 ವರ್ಷದೊಳಗಿನ ಮಕ್ಕಳ ಆಟಿಕೆಗೆ 2021ರಿಂದ ಐಎಸ್‌ಐ ಗುರುತು ಕಡ್ಡಾಯ ಮಾಡಿದ್ದೂ ಒಳ್ಳೆಯದೇ. ಆದರೆ 12 ಮಿ.ಮೀ. ಹಳಿಯಿಂದ, ಹೆಬ್ಬೆರಳು ಗಾತ್ರದ ಮೋಟಾರಿನಿಂದ ಚನ್ನಪಟ್ಟಣದ ಯಾವ ಕುಶಲಕರ್ಮಿಯ ಅನ್ನಕ್ಕೂ ಕಲ್ಲು ಬೀಳುವುದಿಲ್ಲ. ಬದಲಿಗೆ ಅವು ಸುಲಭವಾಗಿ ಸಿಕ್ಕರೆ ಇಲ್ಲಿನ ಕೈಗೆ ಕೆಲಸ ಹುಟ್ಟುತ್ತದೆ. ಪೂರ್ತಿ ತಯಾರಾದ ಸೆಟ್ಟಿಗೂ, ಮಾದರಿ ಕಟ್ಟಲು ಬೇಕಾದ ಬಿಡಿಭಾಗಕ್ಕೂ ಸುಂಕದಲ್ಲಿ ಬೇರೆ ಬೇರೆ ಲೆಕ್ಕ ಇರಬೇಕೆಂದು ನಮ್ಮ ಸಂಸದರು ಕೇಳಬೇಕು.

ಹಳೆಯ ಮಾಲು ಕೊಳ್ಳುವವರಿಗೆ ಒಂದು ಮಾತು. ಪಟ ನೋಡಿ ದುಡ್ಡು ಕಳಿಸಬೇಡಿ. ಓಡುವ ವಿಡಿಯೊ ಕೇಳಿ. ಒಳಗಿನ ನೈಲಾನ್ ಗಿಯರ್ ಹಳತಾದಂತೆ ಸೀಳುತ್ತದೆ, ಆಗ ಎಂಜಿನ್ ಟಕ್ ಟಕ್ ಎಂದು ಕುಂಟುತ್ತದೆ. ಹಳಿ ಕೊಳ್ಳುವಾಗ ನಿಕಲ್ ಸಿಲ್ವರ್ ಹಳಿಯೇ ಇರಲಿ. ಉಕ್ಕಿನ ಹಳಿ ನಮ್ಮ ಆರಿದ್ರಾ ಮಳೆಯ ಒಂದು ವಾರಕ್ಕೇ ತುಕ್ಕು ಹಿಡಿಯುತ್ತದೆ. ಮಳೆಗಾಲದಲ್ಲಿ ಬೂಷ್ಟು, ಬೇಸಿಗೆಯಲ್ಲಿ ಗೆದ್ದಲು. ಮಲೆನಾಡಿನಲ್ಲಿ ರೈಲು ಇಡುವವರು ಹಲಗೆಯನ್ನು ಗೋಡೆಗೆ ತಾಗಿಸಬಾರದು. ಡಬ್ಬಿಯನ್ನು ತೆರೆಯದೆ ಕಪಾಟಿನಲ್ಲಿಟ್ಟು ಬೆಲೆ ಏರುವುದನ್ನು ಕಾಯುವ ಸಂಗ್ರಹಕಾರರೂ ಇದ್ದಾರೆ. ಅದು ನನಗೆ ಸ್ವಲ್ಪವೂ ಒಪ್ಪಿಗೆಯಿಲ್ಲ. ಓಡದ ರೈಲನ್ನು ಕಟ್ಟಿಟ್ಟು ಏನು ಮಾಡುವುದು?

ಮೈ ಮಾಡುವವರು ಯಾರು ಎಂದರೆ, ನಮ್ಮ ಗುಡಿಗಾರರು. ಸಾಗರ, ಸೊರಬದ ಗುಡಿಗಾರರ ಕೆತ್ತನೆ ದೇಶಕ್ಕೇ ಗೊತ್ತು. ಅಂಗೈಯಗಲದ ಗಂಧದ ತುಂಡಿನಲ್ಲಿ ಇಡೀ ದಶಾವತಾರ ಬಿಡಿಸುವ ಕೈಗೆ, ಒಂದು ಗೇಣು ಉದ್ದದ ಬೋಗಿಯಲ್ಲಿ ಕಿಟಕಿಯ ಸರಳು ತೆಗೆಯುವುದು ಕಷ್ಟವಲ್ಲ. ಗಂಧವೇ ಬೇಕಾಗಿಲ್ಲ, ಶಿವನೆ ಮರ ಸಾಕು. ಪರಿಚಯದ ಹಿರಿಯ ಗುಡಿಗಾರರೊಬ್ಬರನ್ನು ಕೇಳಿದಾಗ ಅವರು ಹೇಳಿದ್ದು ಇಷ್ಟೇ: ‘ಮಾಡ್ಲಕ್ಕು ಮಾಷ್ಟ್ರೇ, ಆದ್ರೆ ಅಳತೆ ಕೊಡಿ. ದೇವರ ವಿಗ್ರಹಕ್ಕೆ ತಾಳದ ಲೆಕ್ಕ ಉಂಟು. ರೈಲಿಗೆ ನನ್ನ ಹತ್ರ ಲೆಕ್ಕ ಇಲ್ಲ.’ ಹಳಿಗೆ ದುಡ್ಡು ಹೊಂದಿಸಬಹುದು, ಮೋಟಾರಿಗೂ ಹೊಂದಿಸಬಹುದು. ಅಳತೆಯನ್ನು ಯಾರೂ ಪಾರ್ಸೆಲ್ಲಿನಲ್ಲಿ ಕಳಿಸುವುದಿಲ್ಲ.

ಅದು ಸಿಗುವ ಜಾಗ ಹತ್ತಿರದಲ್ಲೇ ಇದೆ. ಹೊಸನಗರ ತಾಲ್ಲೂಕಿನ ಅರಸಾಳು ನಿಲ್ದಾಣವನ್ನು ಶಂಕರ್ ನಾಗ್ ತಮ್ಮ ‘ಮಾಲ್ಗುಡಿ ಡೇಸ್’ ಧಾರಾವಾಹಿಯಲ್ಲಿ ಮಾಲ್ಗುಡಿಯ ಸ್ಟೇಷನ್ ಮಾಡಿಕೊಂಡಿದ್ದರು. ಊರು ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯದು. ಅಲ್ಲಿ ರೈಲಿಲ್ಲದ್ದರಿಂದ ರೈಲು ನಮ್ಮ ಲೈನಿನದು. ಎರಡನ್ನೂ ಕೂಡಿಸಿ ಆರ್.ಕೆ. ನಾರಾಯಣರ ಕತೆಗಳಿಗೆ ಒಂದು ಊರು ಕಟ್ಟಿದರು. ಆ ಹಳೆಯ ನಿಲ್ದಾಣದ ಕಟ್ಟಡವನ್ನು, ಆ ಧಾರಾವಾಹಿಯ ಕಲಾ ನಿರ್ದೇಶಕರಾಗಿದ್ದ ಜಾನ್ ದೇವರಾಜ್ ಅವರ ಕೈಯಲ್ಲೇ ದುರಸ್ತಿ ಮಾಡಿಸಿ, 2020ರಲ್ಲಿ ಮಾಲ್ಗುಡಿ ಮ್ಯೂಸಿಯಂ ಎಂದು ತೆರೆದರು. ಮೀಟರ್ ಗೇಜಿನ ಹಳೆಯ ಬೋಗಿಯಲ್ಲಿ ಚಹದಂಗಡಿಯೂ ಆಯಿತು. ಚಹ ಕುಡಿದು ಸೆಲ್ಫಿ ತೆಗೆದುಕೊಂಡು ಬರುವವರಿಗೆ ನನ್ನ ಕೋರಿಕೆ: ಒಬ್ಬರಾದರೂ ಟೇಪು ಹಿಡಿದು ಬೋಗಿಯ ಉದ್ದ, ಎತ್ತರ, ಕಿಟಕಿಯಿಂದ ಕಿಟಕಿಗೆ ಅಂತರ, ಬಾಗಿಲ ಮೆಟ್ಟಿಲು ಬರೆದುಕೊಂಡು ಬನ್ನಿ. ಉದ್ದ 19.5 ಮೀಟರ್ ಬಂದರೆ ನಮ್ಮ ಮಾದರಿಯಲ್ಲಿ ಅದು 22.4 ಸೆಂ.ಮೀ. ಆಗುತ್ತದೆ. ಮೈಸೂರಿನಲ್ಲಿ 1979ರಿಂದ ರೈಲ್ವೆ ಮ್ಯೂಸಿಯಂ ಇದೆ, ಅಲ್ಲಿ ಮಹಾರಾಣಿಯವರ ಸಲೂನ್ ನಿಂತಿದೆ. ಅಳೆಯುವವರಿಗೆ ಅಲ್ಲೂ ಕೆಲಸ ಉಂಟು.

ಅರಸಾಳಿನ ಮ್ಯೂಸಿಯಮ್ಮಿನಲ್ಲಿ ಶಿವಮೊಗ್ಗ–ತಾಳಗುಪ್ಪ ಮೀಟರ್ ಗೇಜಿನ ಓಡುವ ಮಾದರಿ ಇರಬೇಕು. ಇಡೀ ಲೈನು ಆಗದು. ಸುಮಾರು 97 ಕಿ.ಮೀ. ಹಳಿಯನ್ನು 87ಕ್ಕೆ ಇಳಿಸಿದರೂ 1.1 ಕಿ.ಮೀ. ಉದ್ದ ಉಳಿಯುತ್ತದೆ. ಒಂದು ನಿಲ್ದಾಣದ ಅರ್ಧ ಕಿಲೊಮೀಟರು ಸಾಕು, ಅದು ಐದೂಮುಕ್ಕಾಲು ಮೀಟರಿನ ಮೇಜಿನಲ್ಲಿ ಮುಗಿಯುತ್ತದೆ. ಗುಡಿಗಾರರು ಬೋಗಿ ಮಾಡಲಿ. ರಟ್ಟು, ಬಟ್ಟೆ, ಬಿದಿರಿನಲ್ಲಿ ಊರನ್ನೇ ರಂಗದ ಮೇಲೆ ತರುವ ಹೆಗ್ಗೋಡಿನ ನೀನಾಸಂ ಕಲಾವಿದರು ಕಾಡು, ಹಂಚಿನ ಮಾಡು, ಅಡಿಕೆ ತೋಟ ಮಾಡಲಿ. ಸರ್ಕಾರಿ ಶಾಲೆಯ ಮಕ್ಕಳು ಅಳತೆ ತೆಗೆದು ಭಾಗಾಕಾರ ಮಾಡಲಿ. ಗಣಿತಕ್ಕೆ ಇದಕ್ಕಿಂತ ಒಳ್ಳೆಯ ಪಾಠ ನಾನು ನನ್ನ ಸರ್ವಿಸಿನಲ್ಲಿ ಕಂಡಿಲ್ಲ. ಇದು ಆಗದ ಮಾತಲ್ಲ. ನಮ್ಮ ವರದಹಳ್ಳಿಯ ಶ್ರೀಧರಾಶ್ರಮಕ್ಕೆ ಮಹಾರಾಷ್ಟ್ರದಿಂದ ಬಹಳ ಭಕ್ತರು ಬರುತ್ತಾರೆ. ಅವರಲ್ಲಿ ಪುಣೆಯವರೊಬ್ಬರು ನನಗೆ ಜೋಶಿಯವರ ಪುಟ್ಟ ರೈಲುಗಳ ಮ್ಯೂಸಿಯಮ್ಮಿನ ಬಗ್ಗೆ ಹೇಳಿದರು. ಭಾವೂ ಜೋಶಿ ಎಂಬ ಒಬ್ಬ ಹವ್ಯಾಸಿಯ ಹಟದಿಂದ 1998ರಲ್ಲಿ ತೆರೆದದ್ದು ಅದು, 1:87ರ ಅಳತೆಯದೇ. ದುಡ್ಡು ಕೊಟ್ಟು ಟಿಕೆಟ್ ತೆಗೆದುಕೊಂಡು ಜನ ಸಂಸಾರ ಸಮೇತ ನೋಡಲು ಹೋಗುತ್ತಾರಂತೆ. ಒಬ್ಬರ ಕೈಯಲ್ಲಿ ಅಲ್ಲಿ ಆದದ್ದು ಮೂರು ತಾಲ್ಲೂಕು ಸೇರಿದರೆ ಇಲ್ಲಿ ಆಗಲೇಬೇಕು. ರೈಲ್ವೆಯ ಮೈಸೂರು ವಿಭಾಗದವರು ಹಳೆಯ ಬೋಗಿಗಳ, ನಿಲ್ದಾಣಗಳ ನಕ್ಷೆ ಒದಗಿಸಿ, ಒಂದು ಕೋಣೆ ಬಿಟ್ಟುಕೊಡಲಿ.

ಎಲ್ಲಕ್ಕಿಂತ ಅವಸರದ್ದು ರೈಲುಬಸ್ಸು. ಅದರ ಪಟ ಸಾಗರ, ಆನಂದಪುರದ ಮನೆಗಳ ಆಲ್ಬಮ್ಮುಗಳಲ್ಲಿ ಇರಲೇಬೇಕು. ಮದುವೆ ದಿಬ್ಬಣದ ಹಿಂದೆ, ಜೋಗಕ್ಕೆ ಬಂದ ನೆಂಟರ ಹಿಂದೆ. ಎದುರಿನಿಂದ ತೆಗೆದ ಪಟವಾದರೆ ಬಹಳ ಉಪಯೋಗ: ಎರಡು ಹಳಿಗಳ ನಡುವೆ ನಿಖರವಾಗಿ ಒಂದು ಮೀಟರ್ ಅಂತರ ಇರುವುದರಿಂದ, ಆ ಅಂತರವನ್ನೇ ಅಳತೆಗೋಲು ಮಾಡಿಕೊಂಡು ಬಸ್ಸಿನ ಅಗಲ, ಎತ್ತರ, ಗಾಜು, ದೀಪ ಎಲ್ಲವನ್ನೂ ಲೆಕ್ಕ ಹಾಕಬಹುದು. ಅಂಥ ಪಟ ಇದ್ದವರು ತೇವಕ್ಕೆ ಅಂಟಿಕೊಳ್ಳುವ ಮೊದಲು ಸ್ಕ್ಯಾನ್ ಮಾಡಿಸಿ, ಹಿಂದೆ ವರ್ಷ, ಊರು ಬರೆದು, ಒಂದು ಪ್ರತಿಯನ್ನು ಅರಸಾಳಿನ ಮ್ಯೂಸಿಯಮ್ಮಿಗೆ ಕೊಡಿ. ಮನೆಯಲ್ಲಿ ಹಳೆಯ ರಟ್ಟಿನ ಟಿಕೆಟ್ಟು ಉಳಿದಿದ್ದರೆ ಅದನ್ನೂ.